ಮುಚ್ಚಿದ ಕಂಪನಿಯ ಕೆಂಪು ಕಾರು

ಮಂಡ್ಯದ ಹೆದ್ದಾರಿ ಪಕ್ಕದ ಶೋರೂಮಿನಲ್ಲಿ ನಾನು ಕಾರು ಮಾರುವ ಕೆಲಸಕ್ಕೆ ಸೇರಿದಾಗ, ನಮ್ಮ ವಿದೇಶಿ ಕಂಪನಿಯ ಹೆಸರು ಹೇಳಿದರೆ ಸಾಕು, "ಗಟ್ಟಿ ಗಾಡಿ ಕಣಮ್ಮ" ಎಂದು ಜನ ತಲೆದೂಗುತ್ತಿದ್ದರು. ಕೊಳ್ಳುವಾಗ ಮಾತ್ರ ಎದುರಿನ ಶೋರೂಮಿಗೆ ಹೋಗುತ್ತಿದ್ದರು. ಅಲ್ಲಿ ಬೆಲೆ ಕಡಿಮೆ, ಮೈಲೇಜು ಜಾಸ್ತಿ, ಹೊಸ ಹೊಸ ಮಾಡೆಲ್ ಬರುತ್ತಲೇ ಇತ್ತು. ನಮ್ಮವರು ಹಳೆಯ ಕಾರಿಗೇ ಬೇರೆ ಬಂಪರ್ ಹಾಕಿ ಹೊಸದೆಂದು ಕಳುಹಿಸುತ್ತಿದ್ದರು. ತಿಂಗಳ ಕೊನೆ ಬಂದರೆ ಬೆಂಗಳೂರಿನಿಂದ ಫೋನಿನ ಮೇಲೆ ಫೋನು: ಇನ್ನಷ್ಟು ರಿಯಾಯಿತಿ ಕೊಡಿ, ಹೇಗಾದರೂ ಮಾರಿ.

ಒಂದು ಬೆಳಿಗ್ಗೆ ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಮೊಬೈಲಿನಲ್ಲಿ ಸುದ್ದಿ ನೋಡಿದೆ. ಕಂಪನಿ ನಮ್ಮ ದೇಶದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುತ್ತಿತ್ತು.

ಶೋರೂಮಿನ ಮಾಲೀಕರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಅಷ್ಟ್ ದೊಡ್ಡ ಫ್ಯಾಕ್ಟ್ರಿ ಕಟ್ಟವ್ರೆ, ಅರ್ಧಕ್ಕೂ ಕೆಲ್ಸ ಇಲ್ಲ. ಇನ್ ಬ್ಯಾಟ್ರಿ ಕಾರ್ ಮಾಡ್ಬೇಕು ಅಂದ್ರೆ ಮೊದ್ಲಿಂದ ದುಡ್ ಸುರೀಬೇಕು. ಅದ್ನ ಅವ್ರ ದೇಸ್ದಲ್ಲೇ ಸುರೀತಾರಂತೆ."

ನಮ್ಮ ಪಾಡೇನು ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮರುದಿನ ಎದುರಿನ ಶೋರೂಮಿನವರು ನನ್ನನ್ನು ಕೆಲಸಕ್ಕೆ ಕರೆದರು; ಯೋಚಿಸಿ ಹೇಳುತ್ತೇನೆ ಎಂದೆ. ಅದೇ ವಾರ ಕಿರುಗಾವಲಿನಿಂದ ಒಬ್ಬ ಹೆಂಗಸು ಗಂಡನೊಂದಿಗೆ ಬಂದರು. ರೇಷ್ಮೆಹುಳು ಸಾಕುತ್ತಿದ್ದ ಅವರು ಮಳವಳ್ಳಿಗೆ ಹೋಗಿ ಡ್ರೈವಿಂಗ್ ಕಲಿತು, ನಮ್ಮಲ್ಲಿ ಕೆಂಪು ಕಾರೊಂದನ್ನು ಬುಕ್ ಮಾಡಿದ್ದರು. ಕಾರು ಅಂಗಳದಲ್ಲೇ ನಿಂತಿತ್ತು.

"ಅಡ್ವಾನ್ಸ್ ವಾಪಸ್ ಕೊಡ್ತೀವಿ ಕಣಕ್ಕ. ಎದುರ್ಗಡೆ ಶೋರೂಮಲ್ಲಿ ನೋಡಿ, ನಾನೇ ಜೊತೇಲಿ ಬತ್ತೀನಿ" ಎಂದೆ.

"ಹುಡ್ಗಿ ಸರ್ಯಾಗೇ ಯೋಳ್ತಾ ಅವ್ಳೆ" ಎಂದರು ಗಂಡ. "ಮುಚ್ಚೋಗೋ ಕಂಪ್ನಿ ಗಾಡಿ ನಮ್ಗ್ಯಾಕಮ್ಮಿ?"

"ನೀ ಸುಮ್ಕಿರು ಅತ್ಲಾಗೆ. ಕಂಪ್ನಿ ಮುಚ್ಚುದ್ರೆ ಗಾಡಿ ನಿಂತೋಯ್ತದಾ?" ಎಂದು ಅವರ ಬಾಯಿ ಮುಚ್ಚಿಸಿ, ಆಕೆ ನನ್ನತ್ತ ತಿರುಗಿದರು. "ನಾನ್ ಓಡ್ಸಿ ನೋಡಿರೋದು ಇದ್ನ. ನನ್ ಕೈಗೆ ಒಗ್ಗದೆ. ಕೆಟ್ರೆ ನೋಡೋಕೆ ಯಾರವ್ರೆ? ಅಷ್ಟೇಳು, ಸಾಕು."

ಸುಳ್ಳು ಹೇಳಲು ಮನಸ್ಸಾಗದೆ ಮಾಲೀಕರ ಕೋಣೆಗೆ ಹೋಗಿ ಕೇಳಿದೆ. ಅವರು ನೋಡುತ್ತಿದ್ದ ಲೆಕ್ಕದ ಪುಸ್ತಕ ಮುಚ್ಚಿದರು.

"ಬಿಡಿ ಭಾಗ ಕಳುಸ್ತೀವಿ ಅಂತ ಕಂಪ್ನಿಯೋರು ಒಪ್ಪವ್ರೆ. ಮೆಕ್ಯಾನಿಕ್ಕುಗಳೂ ಇರ್ತೀವಿ ಅಂದ್ರು. ಬರೀ ಸರ್ವೀಸ್ ಇಟ್ಕಂಡು ನಡ್ಸಾನ ಅಂತ ನಂಗೂ ಆಸೆ ಅದೆ. ಆದ್ರೆ ಬಂದೋರ್ ಜೊತೆ ಮಾತಾಡೋಕೆ ಒಬ್ರು ಬೇಕು. ನೀನಿರ್ತೀಯಾ?"

"ಇರ್ತೀನಿ ಸಾರ್" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಹೊರಗೆ ಬಂದು, "ನಾವಿರ್ತೀವಿ ಕಣಕ್ಕ, ಇಲ್ಲೇ" ಎಂದಾಗ ಎದೆ ಹಗುರಾಯಿತು. ಆಕೆ ನಕ್ಕು ಕೈ ಚಾಚಿದರು: "ಅಂಗಾದ್ರೆ ಕೀ ತತ್ತಾ."

ಕಾಗದಪತ್ರ, ಹಣ ಎಲ್ಲ ಮುಗಿದ ಮೇಲೆ ಗಂಡ ಹಿಂದಿನ ಸೀಟಿನಲ್ಲಿ ಕೂತು ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡರು. ಕಾರು ಗೇಟು ದಾಟಿತು.

ಮೊದಲ ತಿಂಗಳುಗಳು ಕಷ್ಟದವು. ಶೋರೂಮಿನ ಗಾಜಿನ ಹಾಲ್ ಟೈಲ್ಸ್ ಅಂಗಡಿಗೆ ಬಾಡಿಗೆಗೆ ಹೋಯಿತು. ನನ್ನ ಮೇಜು ಹಿಂದಿನ ಶೆಡ್ಡಿಗೆ ಬಂತು. ಕಾರಿದ್ದವರೆಲ್ಲ ಗಾಬರಿಯಿಂದ ಫೋನ್ ಮಾಡುತ್ತಿದ್ದರು. ಒಬ್ಬೊಬ್ಬರಿಗೂ ಸಮಾಧಾನ ಹೇಳುತ್ತಾ ಹೇಳುತ್ತಾ ನನಗೂ ಧೈರ್ಯ ಬಂತು. ನಿಧಾನಕ್ಕೆ ಬೇರೆ ಕಂಪನಿಗಳ ಕಾರುಗಳೂ ಬರತೊಡಗಿದವು. ಈಗ ಬ್ಯಾಟರಿ ಕಾರುಗಳನ್ನೂ ನೋಡುತ್ತೇವೆ. ಕಿರುಗಾವಲಿನ ಅಕ್ಕ ಸರ್ವೀಸಿಗೆ ಬಂದರೆ ಮನೆಯ ಸೊಪ್ಪು ತಂದುಕೊಡುತ್ತಾರೆ.

ಎದುರಿನ ಶೋರೂಮಿಗೂ ಈಗ ಪೈಪೋಟಿ ಬಿಗಿಯಾಗಿದೆ. ಅಲ್ಲಿನ ಮಾರಾಟದ ಹುಡುಗಿ ಟೀ ಕುಡಿಯಲು ಬಂದರೆ, "ತಿಂಗ್ಳ ಕೊನೆ ಬಂದ್ರೆ ಊಟ ಸೇರಲ್ಲ ಕಣಕ್ಕ" ಎನ್ನುತ್ತಾಳೆ. ಆ ಸಂಕಟ ನನಗೆ ಗೊತ್ತು. ಇನ್ನೊಂದು ಬಿಸ್ಕತ್ತು ಅವಳ ಕಡೆ ಸರಿಸುತ್ತೇನೆ.

ಹೋದ ವರ್ಷ ನಮ್ಮ ಹಳೆಯ ಕಂಪನಿಯದೇ ಒಂದು ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಒಂದು ಭಾನುವಾರ ಅವ್ವನನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದೆ. ಹುಣಸೆ ಮರದ ತುಂಬ ಹಕ್ಕಿ. ಅವ್ವ ಸೀಟಿನ ಮೇಲೆ ಕೈಯಾಡಿಸಿ, "ಇಷ್ಟ್ ಚೆಂದಾಗಿರೋ ಗಾಡಿ ಮಾಡೋದ್ನ ಅವ್ರು ಯಾಕವ್ವ ಬುಟ್ರು?" ಎಂದು ಕೇಳಿದಳು.

ಕಾರ್ಖಾನೆ, ಪೈಪೋಟಿ, ಬ್ಯಾಟರಿ, ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಓಗ್ಲಿ ಬುಡು" ಎಂದಳು. "ಆ ಕಿಟ್ಕಿ ಇನ್ನೂ ವಸಿ ಇಳ್ಸು. ಗಾಳಿ ಚೆಂದಾಗದೆ."