ಅಜ್ಜಿಯ ತವರಿನ ಮಾತು

ಕೋಲಾರದ ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಮೇಷ್ಟರೊಬ್ಬರು ದೂರದ ಯಾವುದೋ ದ್ವೀಪದ ಭಾಷೆಯ ಬಗ್ಗೆ ಹೇಳಿದರು. ಅಕ್ಕಪಕ್ಕದ ಭಾಷೆಗಳ ಮಾತುಗಳನ್ನು ತುಂಬಿಕೊಂಡು ಬಾಳಿದ್ದ ಅದು, ಆಡುವವರೇ ಇಲ್ಲದೆ ಹೋಯಿತಂತೆ. ನನಗೆ ತಕ್ಷಣ ನೆನಪಾದದ್ದು ನಮ್ಮ ಅಜ್ಜಿ.

ದೇವರಾಯಸಮುದ್ರದ ನಮ್ಮ ಮನೆಯಲ್ಲಿ ಅಜ್ಜಿ ನಮ್ಮೊಡನೆ ಕನ್ನಡ, ನೆರೆಯವರೊಡನೆ ತೆಲುಗು ಆಡುತ್ತಿದ್ದರು. ಲಕ್ಕೂರಿನಿಂದ ಅವರ ತಂಗಿ ಬಂದರೆ ಮಾತ್ರ ತವರಿನ ಮಾತು. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಅದು ಅಪ್ಪನಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದನ್ನು ಆಡಲು ಉಳಿದಿದ್ದವರು ಇಬ್ಬರೇ.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅಜ್ಜಿಯನ್ನು ಲಕ್ಕೂರಿಗೆ ಕರೆದುಕೊಂಡು ಹೋದೆ. ನಿಮ್ಮ ತವರಿನ ಮಾತಲ್ಲಿ ಬಾಗಿಲಿಗೆ ಏನಂತೀರಿ ಎಂದು ಇಬ್ಬರನ್ನೂ ಕೇಳಿದೆ.

"ಕದವು," ಎಂದರು ಅಜ್ಜಿ.

"ಅಲ್ಲಕ್ಕ, ತಲುಪು," ಎಂದರು ತಂಗಿ.

"ಅದು ತೆಲುಗು ಕಣೇ!"

"ತೆಲುಗಾದ್ರೇನು? ಅಮ್ಮ ಹಂಗೇ ಅಂತಿದ್ಲು."

"ನಿಮ್ಮಮ್ಮ ಅಂತಿದ್ಲೇನೋ. ನಮ್ಮಮ್ಮ ಅಂತಿರ್ಲಿಲ್ಲ!"

ಒಡಹುಟ್ಟಿದವರಿಬ್ಬರೂ ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಎರಡನ್ನೂ ಬರೆದುಕೊಂಡೆ.

ಮರುವರ್ಷ ಅಜ್ಜಿಯ ತಂಗಿ ತೀರಿಕೊಂಡರು. ಅಜ್ಜಿ ಕೆಲಸ ಬಿಡಲಿಲ್ಲ. ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಲೇ ಇದ್ದರು. ಆದರೆ ಮಾತು ಕಡಿಮೆಯಾಯಿತು. ಒಂದು ಸಂಜೆ ಬಸ್ಸಿಳಿದು ಬಂದವಳು ಅವರ ಪಕ್ಕ ಕೂತು, ಬರೆದಿಟ್ಟುಕೊಂಡಿದ್ದನ್ನು ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ಸೋರು ತಿಂಟಿವಾ?"

ಊಟ ಮಾಡಿದೆಯಾ ಎಂದು ಅದರ ಅರ್ಥ. ಅಜ್ಜಿಯ ಕೈಯಲ್ಲಿದ್ದ ಕತ್ತಿ ನಿಂತಿತು.

"ತಿಂಟಿವಾ ಅಂತ ನನ್ನ ತಂಗೀನ ನಾನು ಕೇಳ್ತಿದ್ದೆ," ಎಂದರು. "ಅಜ್ಜೀನ ಕೇಳೋವಾಗ ತಿಂಟಿರಾ ಅನ್ಬೇಕು. ಅಷ್ಟೂ ಗೊತ್ತಿಲ್ವೇನೇ?"

ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ಅಕ್ಕತಂಗಿಯರ ಮಾತು. ದೊಡ್ಡವರಿಗೆ ಮರ್ಯಾದೆ ಕೊಡುವುದು ಅದರಲ್ಲಿ ಇರಲೇ ಇಲ್ಲ. ಅಂದಿನಿಂದ ಅಜ್ಜಿ ದಿನಾ ಕಲಿಸಿದರು. ತಪ್ಪಿದರೆ ತೊಡೆಗೊಂದು ಏಟು.

ಎಂಬತ್ತರ ದಶಕದ ನಡುವಿನಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಕೊನೆಯ ಕೆಲವು ವಾರ ಕನ್ನಡವೂ ತೆಲುಗೂ ಅವರ ಬಾಯಿಗೆ ಬರಲಿಲ್ಲ, ತವರಿನ ಮಾತೊಂದೇ. ಅಷ್ಟು ಹೊತ್ತಿಗೆ ಶ್ರೀನಿವಾಸಪುರದಲ್ಲಿ ಕೆಲಸಕ್ಕಿದ್ದ ನಾನು ರಜೆ ಹಾಕಿ ಬಂದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದು ಕೇಳಿದರು, "ಏನಂತವ್ರೆ, ಹೇಳೇ?"

"ಬಿಸಿನೀರು ಬೇಕಂತೆ. ಆಮೇಲೆ ನೀನೂ ಊಟ ಮಾಡ್ಬೇಕಂತೆ."

ಅಮ್ಮ ಅಳುತ್ತಲೇ ನೀರು ಕಾಯಿಸಲು ಹೋದರು.