ಸೋಫಾದ ನೇರ ಮೇಲೆ

ಕೆಳಗಿನ ಮನೆಯ ಸೋಫಾ ಎಲ್ಲಿದೆ ಎಂದು ನೋಡಿಕೊಂಡು ಬರಲೆಂದೇ ನಾನು ಆ ವರ್ಷ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಹೋದೆ. ಅಲ್ಲಿರುವ ನಮ್ಮ ಓನರ್ ಆಂಟಿ ಬಾಗಿಲಿಗೆ ಬಂದು ಕರೆದಿದ್ದರು. ದೇವಿಗೆ ಕೈ ಮುಗಿದೆ, ತಾಂಬೂಲದ ಚೀಲ ತೆಗೆದುಕೊಂಡೆ, ಕೋಸಂಬರಿ ಚೆನ್ನಾಗಿದೆ ಎಂದೆ. ಕಣ್ಣು ಮಾತ್ರ ಸೋಫಾದ ಮೇಲಿತ್ತು. ಟಿವಿಗೆ ಎದುರಾಗಿ, ಕಿಟಕಿಯ ಗೋಡೆಗೆ ಒತ್ತಿ ಹಾಕಿದ್ದರು. ಮೇಲಿನ ನಮ್ಮ ಮನೆಯ ನಕ್ಷೆಯೂ ಅದೇ. ಹಾಲಿನ ಮೇಲೆ ಹಾಲು, ಅಡುಗೆಮನೆಯ ಮೇಲೆ ಅಡುಗೆಮನೆ. ನೆಲ ನಡುಗಿಸುವ ನನ್ನ ಸಬ್‌ವೂಫರ್ ಎಲ್ಲಿ ಕೂರಬೇಕು ಎನ್ನುವುದು ಆಂಟಿಯ ಕೈಯಿಂದ ಕುಂಕುಮ ಇಡಿಸಿಕೊಳ್ಳುವಾಗಲೇ ತೀರ್ಮಾನವಾಯಿತು.

ನಾವಿರುವುದು ಬೆಂಗಳೂರಿನ ಅಂಚಿನ ಸಿಂಗಾಪುರದ ಒಂದು ಲೇಔಟಿನಲ್ಲಿ, ಮೊದಲನೇ ಮಹಡಿಯಲ್ಲಿ. ನಾವು ಎಂದರೆ ನಾನು ಮತ್ತು ಅವ್ವ. ನಾನು ಯಲಹಂಕದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅವ್ವ ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸಿದವಳು. ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಬೇರೆಯವರಿಗೆ ವಹಿಸಿ ನನ್ನ ಹತ್ತಿರ ಬಂದಳು. ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುವ ಸದ್ದನ್ನೂ ಬಸ್ಸಿನ ಹಾರನ್ನುಗಳನ್ನೂ ಮೀರಿ, ಮುಂದಿನ ಪಡಸಾಲೆಯಲ್ಲಿ ಬಡಿಸುವವರಿಗೆ ಕೇಳುವಂತೆ ಕೂಗಿ ಕೂಗಿ ಹದವಾದ ಗಂಟಲು ಅವಳದು. ಯಾರಿಗೆ ರೊಟ್ಟಿ, ಯಾರಿಗೆ ಎಣಗಾಯಿ ಎಂದು ಅವಳು ಒಳಗಿಂದ ಹೇಳಿದರೆ ಬೀದಿಯಲ್ಲಿ ಹೋಗುವವರಿಗೆ ಹಸಿವಾಗುತ್ತಿತ್ತು. ಆ ಗಂಟಲಿನಿಂದಲೇ ನನ್ನನ್ನೂ ಅಕ್ಕನನ್ನೂ ಓದಿಸಿದಳು. ‘ಬಾಯಿ ಇದ್ದಾಕಿ ಬರಗಾಲದಾಗೂ ಬದುಕಿದ್ಳು’ ಎನ್ನುವುದು ಅವಳ ಮೆಚ್ಚಿನ ಮಾತು.

ಬೆಂಗಳೂರಿಗೆ ಬಂದ ಹೊಸತರಲ್ಲಿ ಅವಳು ಹಾಗೆಯೇ ಇದ್ದಳು. ಹುಬ್ಬಳ್ಳಿಯ ಅಕ್ಕನೊಡನೆ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡವೆನಿಸುತ್ತಿತ್ತು. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಓನರ್ ಆಂಟಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

“ನಿಮ್ಮಮ್ಮ ಮಾತಾಡುದ್ರೆ ಯಾರೋ ಜಗಳ ಆಡ್ತಾವ್ರೆ ಅನ್ಸುತ್ತೆ ಕಣಮ್ಮ. ನಿಮ್ ಕಡೆ ಎಲ್ರೂ ಇಂಗೇ ಕಿರುಚ್ತಾರಾ? ಮೊನ್ನೆ ನಮ್ ನೆಂಟ್ರು ಬಂದಿದ್ರು, ಪೊಲೀಸ್ನೋರ್ನ ಕರೀಬೇಕಾ ಅಂತ ಕೇಳುದ್ರು.”

ನಾನು ಬಾಯಿ ತೆರೆಯುವುದರೊಳಗೆ ಮೇಲಿನಿಂದ ಉತ್ತರ ಬಂತು. ಅವ್ವ ನನ್ನ ಚಪ್ಪಲಿಯ ಸದ್ದು ಕೇಳಿ ಬಾಗಿಲಿಗೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಆತ್ರೀ ಅಕ್ಕಾರ. ಇನ್ನ ಮ್ಯಾಲೆ ಸಣ್ಣಗ ಮಾತಾಡ್ತೀನಿ” ಎಂದಳು. ಆ ಮಾತನ್ನೇ ಆಗಲೇ ಎಷ್ಟು ಸಣ್ಣಗೆ ಹೇಳಿದಳೆಂದರೆ ನನಗೆ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಅವ್ವ ಪಿಸುಗುಡತೊಡಗಿದಳು. ಅಕ್ಕನ ಫೋನು ಬಂದರೆ ಹೊದಿಕೆ ಹೊದ್ದುಕೊಂಡು ಮಾತಾಡುವಳು. ತರಕಾರಿಯ ಗಾಡಿ ಬಂದರೆ ಮೊದಲಿನಂತೆ ಬಾಲ್ಕನಿಯಿಂದ ಕರೆಯದೆ, ನೋಯುವ ಮೊಣಕಾಲಿನಲ್ಲಿ ಮೆಟ್ಟಿಲಿಳಿಯುವಳು. ಅವಳು ಕೆಳಗೆ ತಲುಪುವ ಹೊತ್ತಿಗೆ ಗಾಡಿ ತಿರುವು ದಾಟಿರುತ್ತಿತ್ತು. ನನ್ನೊಡನೆಯೂ ಕೈಸನ್ನೆ. ಸಾರಿಗೆ ಉಪ್ಪು ಸಾಕೇ ಎಂದರೆ ತಲೆ ಆಡಿಸುವಳು. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದಳು: “ದೀಪಾವಳಿ ಮುಗಿಸಿ ನಿಮ್ಮಕ್ಕನ ಮನಿಗೆ ಹೋಗಿಬಿಡ್ತೀನಿ ತಂಗಿ. ಅಲ್ಲೆರ ಬಾಯಿ ಬಿಡಬಹುದು.”

ಅವ್ವ ಹೋಗಿಬಿಡುತ್ತಾಳೆ, ಅದೂ ಯಾರದೋ ನೆಂಟರ ಕಿವಿಗೆ ಹಿತವಾಗಲೆಂದು.

ಓನರ್ ಆಂಟಿಯ ಮನೆಯ ಸದ್ದಿನ ಕಥೆಯನ್ನೂ ಹೇಳಲೇಬೇಕು. ಅವರ ಮಗ ಟಿವಿಗೆ ಹೋಮ್ ಥಿಯೇಟರ್ ತಂದು ಕೊಟ್ಟಿದ್ದ. ಧಾರಾವಾಹಿಯಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತರೆ ಸಾಕು, ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ನಡುಗುತ್ತಿದ್ದವು. ಅದು ಸದ್ದಲ್ಲ, ಮನರಂಜನೆ. ಬೋರ್‌ವೆಲ್ಲಿನ ಮೋಟಾರು ಕಿರ್ರೆನ್ನುವುದು ಸದ್ದಲ್ಲ, ನೀರು. ನಮ್ಮವ್ವ ಮಗಳ ಆರೋಗ್ಯ ವಿಚಾರಿಸಿದರೆ ಮಾತ್ರ ಜಗಳ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಿರ್ಧರಿಸಿದೆ.

ನಾಗಸಂದ್ರದಲ್ಲಿರುವ ಸಹೋದ್ಯೋಗಿಯೊಬ್ಬರು ಸ್ಪೀಕರುಗಳನ್ನು ನಡೆಸುವ ತಮ್ಮ ಹಳೆಯ ರಿಸೀವರನ್ನು ಯಾರಿಗಾದರೂ ದಾಟಿಸಲು ಕಾಯುತ್ತಿದ್ದರು. ಹಾಲಿನಲ್ಲಿ ಒಂದೋ ಅದಿರಬೇಕು, ಇಲ್ಲವೇ ತಾನಿರಬೇಕು ಎಂದು ಅವರ ಹೆಂಡತಿ ಹೇಳಿದ್ದರಂತೆ. “ತಗೊಂಡ್ ಹೋಗಿ ಮೇಡಂ, ಒಳ್ಳೇ ಮನೆ ಸೇರ್ಲಿ” ಎಂದು ಅದನ್ನೂ ಅದರ ಸ್ಪೀಕರುಗಳನ್ನೂ ಆಟೋದವರೆಗೆ ತಾವೇ ಹೊತ್ತು ತಂದರು. ಎಂಥ ಮನೆ ಸೇರುತ್ತಿದೆ ಎಂದು ನಾನು ಹೇಳಲಿಲ್ಲ. ದಾರಿಯುದ್ದಕ್ಕೂ ವೂಫರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಸೇಡಿಗೆ ಸಿದ್ಧತೆ ಮಾಡಿಕೊಳ್ಳುವುದರಲ್ಲಿ ಇರುವ ಸುಖವನ್ನು ಅನುಭವಿಸಿದವರೇ ಬಲ್ಲರು. ಹಬ್ಬದ ಅಡುಗೆಯ ವಾಸನೆಯ ಹಾಗೆ, ಉಣ್ಣುವುದಕ್ಕಿಂತ ಅದೇ ಚೆನ್ನ.

ಭಾನುವಾರ ಮಧ್ಯಾಹ್ನ ಜೋಡಿಸಲು ಕುಳಿತೆ. ಲ್ಯಾಬಿನಲ್ಲಿ ಸಾಲುಸಾಲು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನಗೆ ಇದೇನು ಮಹಾ ಎಂದುಕೊಂಡಿದ್ದೆ. ಹಾಡು ಬರಬೇಕಾದದ್ದು ಮನೆಯ ನನ್ನ ಕಂಪ್ಯೂಟರಿನಿಂದ. ಅದರ ಹಿಂದೆ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ತೂತುಗಳಿರುತ್ತವೆ. ಹಸಿರು ಮುಂದಿನ ಸ್ಪೀಕರುಗಳಿಗೆ, ಕಪ್ಪು ಹಿಂದಿನವುಗಳಿಗೆ, ಕಿತ್ತಳೆ ನಡುವಿನ ಸ್ಪೀಕರಿಗೂ ವೂಫರಿಗೂ. ಒಂದೊಂದರಿಂದ ಹೊರಟ ವೈರು ತುದಿಯಲ್ಲಿ ಕೆಂಪು, ಬಿಳಿ ಎಂದು ಎರಡು ಪಿನ್ನುಗಳಾಗಿ ಕವಲೊಡೆದು ರಿಸೀವರಿನ ಬೆನ್ನಿಗೆ ಸೇರಬೇಕು. ಸೇರಿಸಿದೆ. ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಇರುತ್ತದೆ. ಬಟನ್ ಒತ್ತಿದರೆ ಸರದಿಯ ಪ್ರಕಾರ ಒಂದೊಂದು ಸ್ಪೀಕರಿನಲ್ಲೂ ಟಿಂಗ್ ಎಂದು ಸದ್ದಾಗುತ್ತದೆ, ನಿಲ್ಲಿಸುವವರೆಗೂ ಸುತ್ತು ಹೊಡೆಯುತ್ತಲೇ ಇರುತ್ತದೆ. ಒತ್ತಿದೆ. ಒಂದೂ ಉಸಿರೆತ್ತಲಿಲ್ಲ.

ತೊಂದರೆಯೆಂದರೆ, ರಿಸೀವರ್ ಇದ್ದದ್ದು ಶೋಕೇಸಿನ ಒಳಗೆ. ಅದರ ಬೆನ್ನು ಮುಟ್ಟಲು ನಾನು ಶೋಕೇಸನ್ನು ಎಳೆದು ಗೋಡೆಯ ಸಂದಿಯಲ್ಲಿ ತೂರಿಕೊಳ್ಳಬೇಕು. ಅಲ್ಲಿ ತೂರಿದರೆ ಯಾವ ಸ್ಪೀಕರ್ ಹಾಡುತ್ತಿದೆ, ಯಾವುದು ಸತ್ತಿದೆ ಎಂದು ತಿಳಿಯುವುದಿಲ್ಲ. ಇನ್ನೊಬ್ಬರು ಹಾಲಿನ ನಡುವೆ ಕುಳಿತು ಹೇಳಬೇಕು. ಯಾವ ಸ್ಪೀಕರಿನ ಸರದಿ ಎಂದು ತೋರಿಸುವ ಕಂಪ್ಯೂಟರಿನ ಪರದೆ ಕಾಣುವಂತೆ ಅವ್ವನನ್ನು ಕುರ್ಚಿ ಹಾಕಿ ಕೂರಿಸಿದೆ.

“ಎಲ್ಲಿಂದ ಸಪ್ಪಳ ಬರ್ತೈತಿ ಅಷ್ಟ ಹೇಳವ್ವ” ಎಂದು ಹೇಳಿ ಸಂದಿಗೆ ಇಳಿದೆ. ಒಂದು ಪಿನ್ ಬದಲಾಯಿಸಿದೆ. ಕಾದೆ. ಅವ್ವನ ದನಿ ಕೇಳಲಿಲ್ಲ.

“ಬಂತೇನವ್ವ?”

ಹೊರಗೆ ಬಂದು ನೋಡಿದರೆ ಅವ್ವ ಎಡಗೈಯೆತ್ತಿ ಎಡಗಡೆಯ ಸ್ಪೀಕರನ್ನು ತೋರಿಸುತ್ತ ಕುಳಿತಿದ್ದಳು, ಪಾಪ, ಎಷ್ಟು ಹೊತ್ತಿನಿಂದಲೋ.

“ಅವ್ವಾ, ಶೋಕೇಸಿನ ಹಿಂದ ನನಗ ಕೈ ಕಾಣಂಗಿಲ್ಲ. ಬಾಯಿಲೆ ಹೇಳು.”

ಮತ್ತೆ ಒಳಗೆ ತೂರಿದೆ. “ಎಡಕ್ಕ” ಎಂದು ಪಿಸುಗುಟ್ಟಿದಳು. ಆಮೇಲೆ ಏನೋ ಅಂದಳು, ತಿಳಿಯಲಿಲ್ಲ. ನಾನು ಎರಡು ಪಿನ್ನುಗಳನ್ನು ತಪ್ಪಾಗಿ ಸಿಕ್ಕಿಸಿದೆ. ಹಿಂದಿನ ಸ್ಪೀಕರಿಗೆ ಹೋಗಬೇಕಾದದ್ದು ಮುಂದಿನದಕ್ಕೆ ಹೋಯಿತು. ಅವಳ ತಾಳ್ಮೆ ತಪ್ಪುತ್ತಿರುವುದು ಕುರ್ಚಿಯ ಕಿರುಗುಟ್ಟುವಿಕೆಯಲ್ಲೇ ನನಗೆ ಗೊತ್ತಾಯಿತು. ಖಾನಾವಳಿಯಲ್ಲಿ ಉಪವಾಸದವರ ತಟ್ಟೆಗೆ ಬಳ್ಳೊಳ್ಳಿ ಚಟ್ನಿ ಬಡಿಸಿದರೆ ಅವಳು ಹೀಗೆಯೇ ಮಣೆಯ ಮೇಲೆ ಹೊರಳುತ್ತಿದ್ದಳು.

“ಹಿಂದಿಂದು ಮುಂದ ಬಂತು” ಎಂದಳು, ತುಸು ಜೋರಾಗಿ.

“ಆಂ?”

“ಹಿಂದಿಂದು ಮುಂದ ಬಂತು ಅಂದ್ನಿ!”

ಬದಲಾಯಿಸಿದೆ.

“ಹಾಂ, ಈಗ ಬರೋಬ್ಬರಿ. ಬಲಕ್ಕ ಬಂತು. ಹಿಂದ ಬಂತು. ನಡುವಿಂದು ಬರವಲ್ದು! ನಡುವಿಂದು ಅನ್ನೂದು ಆ ಡಬ್ಬ್ಯಾಗ ಗುಂಯ್ ಅನ್ನಾಕತ್ತೈತಿ. ಏ, ಕಿವಿ ಎಲ್ಲಿಟ್ಟೀ, ಕೇಳ್ತೈತೋ ಇಲ್ಲೋ?”

ಕೇಳುತ್ತಿತ್ತು. ಶೋಕೇಸಿನ ಹಿಂದೆ, ಜೇಡರ ಬಲೆಯಲ್ಲಿ, ಮೂಗಿನ ಮೇಲೆ ಧೂಳು ಹೊತ್ತುಕೊಂಡು ನಾನು ಸುಮ್ಮನೆ ಕುಳಿತುಬಿಟ್ಟೆ. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ. ನಡುವಿನ ಸದ್ದು ವೂಫರಿಗೆ ಹೋಗುತ್ತಿದೆ, ಅಂದರೆ ಕಿತ್ತಳೆ ವೈರಿನ ಎರಡು ಪಿನ್ನುಗಳು ಅದಲುಬದಲಾಗಿವೆ ಎಂದು ನನಗೆ ಗೊತ್ತಾಗಿತ್ತು. ಒಂದು ಗಳಿಗೆಯ ಕೆಲಸ. ನಾನು ಬೇಕೆಂದೇ ಅವನ್ನು ಬಿಟ್ಟು ಸರಿಯಾಗಿದ್ದ ಹಿಂದಿನವನ್ನು ಕಿತ್ತೆ.

“ಅಯ್ಯ, ಇದ್ದದ್ದೂ ಹೋತು! ಏನ ಮಾಡಾಕತ್ತೀ? ಹಿಂದಿಂದು ಹಚ್ಚು! ಹಿಂದಿಂದು!”

ಆಗ ಕರೆಗಂಟೆ ಬಡಿದುಕೊಂಡಿತು.

ಗಂಟೆಯನ್ನು ಒಮ್ಮೆ ಒತ್ತಿ ಬಿಡಲಿಲ್ಲ, ಒತ್ತಿ ಹಿಡಿದಿದ್ದರು. ಯಾರೆಂದು ಇಬ್ಬರಿಗೂ ಗೊತ್ತು. ನಾನು ಹೊರಗೆ ಬರಲು ಹವಣಿಸಿದೆ. ವೈರು ಕಾಲಿಗೆ ಸುತ್ತಿಕೊಂಡಿತ್ತು. ಅವ್ವ ಎದ್ದು ಹೋಗಿ ಬಾಗಿಲು ತೆಗೆದದ್ದು ಕೇಳಿಸಿತು.

“ಏನಮ್ಮ ಇದು ಜಗಳ? ರೋಡಿಗೆಲ್ಲಾ ಕೇಳ್ತಾ ಐತೆ. ಅವತ್ತೇ ಏಳಿರ್ಲಿಲ್ವಾ ನಾನು?” ಓನರ್ ಆಂಟಿಯ ದನಿ.

ಅವ್ವ ಈಗ ಮತ್ತೆ ‘ಆತ್ರೀ ಅಕ್ಕಾರ’ ಎನ್ನುತ್ತಾಳೆ, ದೀಪಾವಳಿಗೂ ಕಾಯದೆ ನಾಳೆಯೇ ಹುಬ್ಬಳ್ಳಿಯ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಕಾಲಿನ ವೈರನ್ನು ಕಿತ್ತು ಎಸೆದು, ಶೋಕೇಸಿನ ಅಂಚಿನಿಂದ ತಲೆ ಹೊರಗೆ ಹಾಕಿದೆ.

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ಜಗಳ ಅಲ್ರೀ ಅಕ್ಕಾರ, ಇದು ಮಾತು” ಎಂದಳು. ಖಾನಾವಳಿಯ ದನಿ, ಪೂರ್ತಿ ಎದೆಯಿಂದ. “ಜಗಳ ಬ್ಯಾರೇನ ಇರ್ತೈತಿ. ನೀವು ನೋಡಿಲ್ಲ ಕಾಣಸ್ತೈತಿ. ನೋಡೂದೈತೇನು?”

ಓನರ್ ಆಂಟಿ ಅವ್ವನನ್ನು ನೋಡಿದರು, ಧೂಳು ಮೆತ್ತಿದ ನನ್ನ ಮುಖವನ್ನೂ ನೋಡಿದರು. ಅವ್ವ ಉತ್ತರಕ್ಕೆ ಕಾಯುತ್ತ ನಿಂತಿದ್ದಳು, ನಿಜವಾಗಿಯೂ ಕೇಳಿದ ಪ್ರಶ್ನೆಯ ಹಾಗೆ.

“ಬ್ಯಾಡ ಬುಡಿ” ಎಂದರು ಆಂಟಿ. ಮೆಟ್ಟಿಲಿಳಿದರು. ಅವರು ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಪಿಸುಮಾತು ನನ್ನ ಕಿವಿಗೆ ಜೇನು ಸುರಿದಂತಾಯಿತು. ಸುಳ್ಳೇಕೆ ಹೇಳಲಿ.

ಅವ್ವ ಬಾಗಿಲು ಹಾಕಿ ಬಂದು ಕುರ್ಚಿಯಲ್ಲಿ ಕುಳಿತಳು. “ಹಾಂ, ನಡೀ. ಹಿಂದಿಂದು ಹಚ್ಚು” ಎಂದಳು.

ಮನೆ ಖಾಲಿ ಮಾಡಿ ಎನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ. ಮೇಲಿನ ಮನೆಯ ಅಜ್ಜಿಯ ಬಾಯಿ ಬಲು ಜೋರು ಎಂದು ಎದುರು ಮನೆಯವರ ಮುಂದೆ ಹೇಳಿಕೊಂಡರೆಂದು ತಿಳಿಯಿತು. ಅವ್ವನಿಗೆ ಹೇಳಿದೆ. “ಖರೇನ ಹೇಳ್ಯಾರ” ಎಂದು ಬಾಲ್ಕನಿಗೆ ಹೋಗಿ ತರಕಾರಿಯವನನ್ನು ಕರೆದಳು. ತಿರುವಿನಲ್ಲಿದ್ದ ಗಾಡಿ ಹಿಂದಕ್ಕೆ ಬಂತು. ದೀಪಾವಳಿಗೆ ಹುಬ್ಬಳ್ಳಿಯಿಂದ ಅಕ್ಕನೇ ಇಲ್ಲಿಗೆ ಬಂದಳು.

ರಿಸೀವರ್ ಈಗ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಜೆ ಹಳೆಯ ಹಾಡು ಹಾಕಿಕೊಳ್ಳುತ್ತೇನೆ, ಹದವಾಗಿ, ಅಕ್ಕಪಕ್ಕದವರಿಗೆ ತೊಂದರೆಯಾಗದ ಹಾಗೆ. ವೂಫರನ್ನು ಮೂಲೆಗೆ ಸರಿಸಿದೆ. ಕಿಟಕಿಯ ಗೋಡೆಯ ಬಳಿ, ಕೆಳಗಿನ ಸೋಫಾದ ನೇರ ಮೇಲೆ, ನಾನು ಅದಕ್ಕೆಂದು ಗುರುತು ಮಾಡಿಟ್ಟ ಜಾಗದಲ್ಲಿ ಅವ್ವನ ಕುರ್ಚಿ ಹಾಕಿದ್ದೇನೆ. ಅಕ್ಕನ ಫೋನು ಬಂದಾಗ ಅವಳು ಅಲ್ಲಿ ಕೂತೇ ಮಾತಾಡುತ್ತಾಳೆ.