ಪೂಜೆಗೆ ಕೂತ ಕಂಪ್ಯೂಟರು

ಬೆಳಕು ಹರಿಯುವ ಮೊದಲು ಮಹೇಶ್ವರಿ ಮಾಡಿ ಮುಗಿಸಿದ್ದು: ನಳಕ್ಕೆ ನೀರು ಬಂದದ್ದೇ ಎದ್ದು ಎರಡು ಬ್ಯಾರಲ್ ತುಂಬಿದ್ದು, ಅಂಗಳ ಗುಡಿಸಿ ನೀರು ಹೊಡೆದದ್ದು, ಹಬ್ಬದ ದೊಡ್ಡ ಪಾತ್ರೆಗಳನ್ನು ತಿಕ್ಕಿ ಬೋರಲು ಹಾಕಿದ್ದು, ಅತ್ತೆ ಸಂಗವ್ವನಿಗೆ ಸಕ್ಕರೆಯಿಲ್ಲದ ಚಹಾ, ಗಂಡ ಶಿವಪ್ರಕಾಶನಿಗೆ ಸಕ್ಕರೆ ಹಾಕಿದ ಚಹಾ, ಹದಿನಾಲ್ಕು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಅವಳ ಚಹಾ ಒಲೆಯ ಪಕ್ಕದಲ್ಲಿ ಆರಿ ಕೆನೆಗಟ್ಟಿತ್ತು. ಅದನ್ನು ಹಾಗೇ ಕುಡಿದು, ಸೆರಗಿಗೆ ಕೈ ಒರೆಸಿಕೊಂಡು, ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಗುಂಡಿ ಒತ್ತಿದಳು.

ಪರದೆ ಕಪ್ಪಾಗಿಯೇ ಉಳಿಯಿತು. ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು. ಬೂಟ್ ಆಗುವ ಡಿಸ್ಕು ಸಿಗುತ್ತಿಲ್ಲ ಎಂದು ಅದರ ಅರ್ಥ.

ಶಿವಪ್ರಕಾಶನದು ಇಳಕಲ್ಲಿನಲ್ಲಿ ಫೋಟೊ ಸ್ಟುಡಿಯೋ. ಮದುವೆಗಳಿಗೆ ಹೋಗಿ ಫೋಟೊ ತೆಗೆಯುವವನು ಅವನು. ಅವುಗಳನ್ನು ಆರಿಸಿ, ಮದುಮಗಳ ಮುಖದ ಬೆವರು ತೆಗೆದು, ಕಣ್ಣು ಮುಚ್ಚಿದ ಬೀಗರ ಕಣ್ಣು ತೆರೆಸಿ, ಅಲ್ಬಮ್ಮಿನ ಪುಟ ಕೂಡಿಸುವವಳು ಮಹೇಶ್ವರಿ. ಹನ್ನೊಂದು ವರ್ಷದಿಂದ, ಕುಕ್ಕರಿನ ಸೀಟಿಗಳ ನಡುವೆ. ಮನೆಯವರ ಮಾತಿನಲ್ಲಿ ಅದು ಕೆಲಸವಲ್ಲ, 'ಕಂಪ್ಯೂಟರ್ ಮುಂದ ಕೂಡೂದು'.

ಹುನಗುಂದದಲ್ಲಿ ಅಲ್ಬಮ್ ಮುದ್ರಿಸುವ ಲ್ಯಾಬ್ ನಡೆಸುವ ಶೀಲಾ ಎಂಬವರಿಗೆ ಒಬ್ಬ ಡಿಸೈನರ್ ಬೇಕಾಗಿತ್ತು. ಇವತ್ತು ಹನ್ನೊಂದರೊಳಗೆ ಮೂರು ಅಲ್ಬಮ್ ಕಳಿಸಿದವರನ್ನಷ್ಟೇ ನೋಡುತ್ತೇನೆ ಎಂದಿದ್ದರು. ಹಬ್ಬದ ಅಡುಗೆ ಮುಗಿಸಿ ಕಳಿಸಿದರಾಯಿತು ಎಂದುಕೊಂಡಿದ್ದಳು ಮಹೇಶ್ವರಿ. ಅಷ್ಟರಲ್ಲಿ ಕಂಪ್ಯೂಟರು ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಕೂತಿತ್ತು. ಕ್ಯಾಮೆರಾ, ಬೈಕು, ಕಂಪ್ಯೂಟರು ಮೂರಕ್ಕೂ ವಿಭೂತಿ, ಹೂವು. ಎರಡು ದಿನ ಯಾರೂ ಮುಟ್ಟುವಂತಿಲ್ಲ; ಅದು ಮುಗಿದದ್ದು ನಿನ್ನೆ ರಾತ್ರಿ. ರೊಟ್ಟಿಯ ಹಂಚಿಗೆ ಅಂಥ ರಜೆ ಇರಲಿಲ್ಲ. ಪೂಜೆಗೆ ಮೊದಲು ಶಿವಪ್ರಕಾಶ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ವಾಯರು ಕಿತ್ತು, ಬ್ರಷ್ಷಿನಿಂದ ಧೂಳು ಝಾಡಿಸಿದ್ದ. ವರ್ಷಕ್ಕೊಮ್ಮೆ ಅವನು ಮನೆಯಲ್ಲಿ ಮಾಡುವ ಸ್ವಚ್ಛತೆ ಅದೊಂದೇ.

"ರೀ, ಕಂಪ್ಯೂಟರ್ ಚಾಲೂ ಆಗವಲ್ದು."

"ನಾ ಸ್ವಚ್ಛ ಮಾಡೇನಿ, ಕೆಡಿಸಿಲ್ಲ," ಎಂದ ಅವನು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಜಲಾಲುದ್ದೀನಗ ಫೋನ್ ಹಚ್ಚು."

ಕಂಪ್ಯೂಟರ್ ರಿಪೇರಿಯ ಜಲಾಲುದ್ದೀನ ಬಾಗಲಕೋಟೆಯ ಬಸ್ಸಿನಲ್ಲಿದ್ದ. "ಸಂಜಿಕಿ ಬರ್ತೇನ್ರಿ ಅಕ್ಕಾರ. ಫಾರ್ಮ್ಯಾಟ್ ಹೊಡದು ಹೊಸಾ ವಿಂಡೋಸ್ ಹಾಕಿಬಿಡೋಣು."

"ನನ್ನ ಅಲ್ಬಮ್?"

"ಉಳದ್ರ ಉಳೀತಾವ್ರಿ."

"ಸಂಜಿತನಕ ಮುಟ್ಟಬ್ಯಾಡ," ಎಂದ ಶಿವಪ್ರಕಾಶ. "ಇವತ್ತೊಂದಿನ ಆರಾಮ ಇರು. ಹಂಗ ನನ್ನ ಎರಡು ಪ್ಯಾಂಟ್ ಇಸ್ತ್ರಿ ಮಾಡಿಡು." ಬೈಕು ಹತ್ತಿ ಹೋದ.

ಒಂಬತ್ತೂವರೆಗೆ ಮಹೇಶ್ವರಿ ಕರೆಂಟಿನ ಪ್ಲಗ್ ಕಿತ್ತು, ಹೊಲಿಗೆ ಮಷೀನಿನ ಡ್ರಾವರಿನಿಂದ ಸ್ಕ್ರೂಡ್ರೈವರ್ ತಂದು ಡಬ್ಬಿ ಬಿಚ್ಚಿದಳು. ಒಳಗೆ ಮೂರು ಡಿಸ್ಕು. ವಿಂಡೋಸ್ ಇರುವ ಹೊಸದು, ಅಲ್ಬಮ್ ತುಂಬಿದ ದೊಡ್ಡದು, ಮೊದಲ ಕಂಪ್ಯೂಟರಿನ ಜೊತೆ ಬಂದಿದ್ದ ಹಳೆಯದು. ಹಳೆಯದರ ವಾಯರು ಸುಮ್ಮನೆ ಜೋತು ಬಿದ್ದಿತ್ತು.

"ಅದ್ರಾಗೇನು ಹುಡುಕ್ತಿ?" ಎಂದಳು ಸಂಗವ್ವ. "ಅಲ್ಲಿ ಬ್ಯಾಳಿ ಉಕ್ಕಾಕತ್ತೈತಿ."

"ಒಲಿ ಸಣ್ಣ ಮಾಡ್ರಿ ಅತ್ತಿ."

"ನನ್ನ ಮೊಣಕಾಲ ನೀ ನೋಡಿಲ್ಲೇನು?" ಎನ್ನುತ್ತಲೇ ಸಂಗವ್ವ ಎದ್ದಳು.

ವಾಯರು ಸಿಕ್ಕಿಸಿ, ಪ್ಲಗ್ ಹಾಕಿ ಗುಂಡಿ ಒತ್ತಿದರೆ ಮತ್ತೆ ಅದೇ ಕಪ್ಪು, ಅದೇ ಸಾಲು. ಮಹೇಶ್ವರಿ ಇನ್ನೊಮ್ಮೆ ಜಲಾಲುದ್ದೀನನಿಗೆ ಫೋನ್ ಹಚ್ಚಿದಳು.

"ಅಣ್ಣಾರ, ಹೊಸಾ ಡಿಸ್ಕಿಗೆ ವಿಂಡೋಸ್ ಹಾಕುಮುಂದ ಹಳೇದನ್ನ ತಗದಿದ್ರೇನು?"

"ಇಲ್ರಿ. ಅದೂ ಹಚ್ಚಿದ್ದ ಇತ್ತು."

"ಹಂಗಾರ ಚಾಲೂ ಮಾಡೋ ಫೈಲು ಹಳೇದ್ರಾಗ ಕುಂತಿರಬೇಕು."

"ಕುಂತಿರಬೇಕ್ರಿ. ನಿಮಗ ಯಾರು ಹೇಳಿದ್ರು?"

"ಮೊಬೈಲಿನ್ಯಾಗ ನೋಡ್ದೆ. ಬ್ಯಾಳಿ ಕುದಿಯೂತನಕ."

"ಇನ್ನ ನನ್ನ ಅಂಗಡಿ ಬಂದ್ ಮಾಡ್ಬೇಕ ಬಿಡ್ರಿ," ಎಂದು ನಕ್ಕ. "ಚಾಲೂ ಮಾಡುಮುಂದ ಡಿಲೀಟ್ ಕೀ ಒತ್ತಕೋತ ಇರ್ರಿ. ಬೂಟ್ ಆರ್ಡರ್ ಅಂತ ಪಟ್ಟಿ ಬರ್ತೈತಿ. ಅದ್ರಾಗ ಹಳೇದನ್ನ ಎಲ್ಲಾದಕ್ಕಿಂತ ಮ್ಯಾಲ ತರ್ರಿ."

ಪಟ್ಟಿಯಲ್ಲಿ ದೊಡ್ಡ ಡಿಸ್ಕು ಮೊದಲಿತ್ತು, ಹಳೆಯದು ಕೊನೆಗೆ. ಡಿಸ್ಕಿನ ಮೇಲಿನ ಚೀಟಿಯ ನಂಬರನ್ನು ಎರಡು ಸಲ ತಾಳೆ ನೋಡಿ, ಹಳೆಯದನ್ನು ಮೇಲಕ್ಕೆ ತಂದು ಸೇವ್ ಮಾಡಿದಳು. ಒಂದು ನಿಮಿಷಕ್ಕೆ ವಿಂಡೋಸ್ ಬಂತು. ಅಲ್ಬಮ್ಮುಗಳೆಲ್ಲ ಇದ್ದಲ್ಲೇ ಇದ್ದವು. ಅವಳಿಗೆ ಖುಷಿಗಿಂತ ಮೊದಲು ಸೊಂಟದ ನೋವು ಗೊತ್ತಾಯಿತು. ಮೊಬೈಲಿನ ಇಂಟರ್ನೆಟ್ಟಿನಲ್ಲಿ, ಏನೇನು ತಿದ್ದಿದ್ದು ಎಂಬ ಪಟ್ಟಿಯ ಜೊತೆ, ಮೂರೂ ಅಲ್ಬಮ್ ಹೋಗಿ ಮುಟ್ಟಿದಾಗ ಹನ್ನೊಂದಕ್ಕೆ ನಾಲ್ಕು ನಿಮಿಷವಿತ್ತು.

ಪ್ಯಾಂಟಿನ ಇಸ್ತ್ರಿ ಅರ್ಧವಾಗಿದ್ದಾಗ ಶೀಲಾ ಅವರ ಫೋನ್ ಬಂತು.

"ಎರಡನೇ ಅಲ್ಬಮ್ಮಿನ್ಯಾಗ ಆ ರುಮಾಲಿನ ಅಜ್ಜನ ಕಣ್ಣು ನೀವ ತೆರಸೀರಂತ? ನನಗ ಗುರ್ತ ಹತ್ಲಿಲ್ರಿ. ಕೆಲಸ ನಿಮಗ. ಮನಿಯಿಂದ ಮಾಡ್ತೀರೋ, ಇಲ್ಲಿ ಬರ್ತೀರೋ? ಇಲ್ಲಿ ಬಂದ್ರ ಹತ್ತರಿಂದ ಐದು. ಮನಿ ಸಂಭಾಳಿಸೋ ಹೆಣ್ಮಕ್ಳು ಭಾಳ ಮಂದಿ ಮನಿಯಿಂದನ ಅಂತಾರ."

"ಐದು ಮಿನಿಟು ಬಿಟ್ಟು ಹೇಳ್ತೇನ್ರಿ."

ಸಂಗವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು. ಮಹೇಶ್ವರಿ ಗಂಡನ ನಂಬರು ತೆಗೆದಳು, ಒತ್ತಲಿಲ್ಲ. ಮನ್ಯಾಗ ಮಾಡು, ಅನುಕೂಲ ಆಗತೈತಿ ಎನ್ನುತ್ತಾನೆ. ಯಾರಿಗೆ ಎಂಬುದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಕೂತರೆ ಶೀಲಾ ಅವರ ಕೆಲಸವೂ ಬೇಳೆ ಉಕ್ಕುವಾಗ ನಿಲ್ಲುತ್ತದೆ, ನಳ ಬಂದಾಗ ನಿಲ್ಲುತ್ತದೆ. ಹುನಗುಂದಕ್ಕೆ ಹೋದರೆ ಶಿವಪ್ರಕಾಶನ ಅಲ್ಬಮ್ಮು ಯಾರು ಕೂಡಿಸುತ್ತಾರೆ, ಮಧ್ಯಾಹ್ನ ಅತ್ತೆಗೆ ಯಾರು ಬಡಿಸುತ್ತಾರೆ, ಗೊತ್ತಿಲ್ಲ. ಬಸ್ಸಿನಲ್ಲಿ ಅರ್ಧ ತಾಸು ಸುಮ್ಮನೆ ಕೂರಬಹುದು, ಅಷ್ಟು ಗೊತ್ತು.

ಇಸ್ತ್ರಿಯ ಪ್ಲಗ್ ಕಿತ್ತಿಟ್ಟು ಶೀಲಾಗೆ ಫೋನ್ ಮಾಡಿದಳು.

"ನಾ ಅಲ್ಲೇ ಬರ್ತೇನ್ರಿ. ನಾಳಿಯಿಂದ, ಹತ್ತಕ್ಕ."